ಸೌಂದರ್ಯಮೀಮಾಂಸಕ ಪ್ರೊಫೆಸರ್ ಎಂ. ಹಿರಿಯಣ್ಣನವರು



ಒಂದು ದಿನ ಹತ್ತನೆಯ ತರಗತಿಯಲ್ಲಿ ಪದ್ಯಪಾಠವನ್ನು ಮುಗಿಸಿ, ಪದ್ಯ ಹೇಗಿದೆಯೆಂದು ನಾನು ಕೇಳಿದೆ. ಒಬ್ಬ ವಿದ್ಯಾರ್ಥಿನಿ ಬಹಳ ಚೆನ್ನಾಗಿದೆಯೆಂದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಅದರಲ್ಲಿ ಏನೂ ಇಲ್ಲವೆಂದ. ಇಬ್ಬರಿಗೂ ವಾದ ಹತ್ತಿಕೊಂಡಿತು. ಆಗ ಮೂರನೆಯವನೊಬ್ಬ ಎದ್ದು ನಿಂತು, ಒಬ್ಬರಿಗೆ ಇಡ್ಲಿ ಇಷ್ಟ, ಇನ್ನೊಬ್ಬರಿಗೆ ಪರೋಟ ಇಷ್ಟ, ಅವರವರ ರುಚಿ ಅವರವರಿಗೆ, ಇದರಲ್ಲಿ ವಾದ ಮಾಡುವುದಕ್ಕೆ ಏನಿದೆ ಸಾರ್ ಎಂದು ತೀರ್ಪು ಕೊಟ್ಟುಬಿಟ್ಟ. ಎಲ್ಲರೂ ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲೇ ಮನೆಗೆ ಬಂದಿತು. ಅವನ ಮಾತೇ ನಿಜವಾದರೆ ಕವಿತೆಯನ್ನು ಪಾಠ ಮಾಡುವ ಅಗತ್ಯವೇ ಇಲ್ಲ. ಯಾರಿಗೆ ಯಾವುದು ಇಷ್ಟವೋ ಅದನ್ನು ಅವರು ಓದಿಕೊಂಡರೆ ಸಾಕು.

ಈ ಪ್ರಶ್ನೆಯನ್ನು ತಮ್ಮ ಬಾಳಿನ ಬಹುಭಾಗ ಯೋಚಿಸಿದ ಒಬ್ಬ ಮಹನೀಯರು ನಮ್ಮ ಕನ್ನಡನಾಡಿನಲ್ಲಿದ್ದರು. ಅವರೇ ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರು. ತತ್ತ್ವಶಾಸ್ತ್ರವನ್ನು ಓದುವವರಲ್ಲಿ ಅವರ ಹೆಸರು ಕೇಳದವರು ಅಪರೂಪ. ದೇಶವಿದೇಶಗಳ ಕಾಲೇಜುಗಳಲ್ಲಿ ಅವರ ಗ್ರಂಥಗಳು ಪಠ್ಯಗಳಾಗಿವೆ. ಆದರೆ ಅವರು ಬರೆದದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಆದ್ದರಿಂದ ಕನ್ನಡ ಶಾಲೆಗಳ ಮಕ್ಕಳಿಗೆ ಅವರ ಪರಿಚಯ ಕಡಿಮೆ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಿಕೊಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಿರಿಯಣ್ಣನವರು 1871ನೆಯ ಇಸವಿ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಜನಿಸಿದರು. ಅದು ಮೈಸೂರು ಸಂಸ್ಥಾನ ಇನ್ನೂ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲ. ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದದ್ದು 1881ರಲ್ಲಿ. ಅಂದರೆ ಹಿರಿಯಣ್ಣನವರ ಬಾಲ್ಯವು ಹಳೆಯ ಪಾಠಶಾಲೆಗಳೂ ಹೊಸ ಇಂಗ್ಲಿಷ್ ಶಾಲೆಗಳೂ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದ ದಿನಗಳಲ್ಲಿ ಕಳೆಯಿತು. ಅವರಿಗೆ ಎರಡರ ಪ್ರಯೋಜನವೂ ದೊರೆಯಿತು. ಒಂದು ಕಡೆ ಸಂಸ್ಕೃತದ ಅಭ್ಯಾಸ, ಇನ್ನೊಂದು ಕಡೆ ಇಂಗ್ಲಿಷ್ ವಿದ್ಯೆ. ಉನ್ನತ ವ್ಯಾಸಂಗಕ್ಕೆಂದು ಮದರಾಸಿಗೆ ಹೋಗಿ, ಅಲ್ಲಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ ಬಿ.ಎ. ಮತ್ತು ಎಂ.ಎ. ಪದವಿಗಳನ್ನು ಪಡೆದರು. ಮೈಸೂರಿನಲ್ಲಿ ಆಗ ವಿಶ್ವವಿದ್ಯಾನಿಲಯ ಇರಲಿಲ್ಲ. ಪದವಿ ಬೇಕೆನ್ನುವವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳನ್ನೇ ಕಟ್ಟಬೇಕಾಗಿತ್ತು.

ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಕಷ್ಟವೂ ಉಂಟು, ಲಾಭವೂ ಉಂಟು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆಯುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿರಿಯಣ್ಣನವರು ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡರು. ಸಂಸ್ಕೃತದಲ್ಲಿ ತಿಳಿದದ್ದನ್ನು ಇಂಗ್ಲಿಷ್ ಬಲ್ಲವರಿಗೂ, ಇಂಗ್ಲಿಷಿನಲ್ಲಿ ತಿಳಿದದ್ದನ್ನು ಸಂಸ್ಕೃತ ಪಂಡಿತರಿಗೂ ತಿಳಿಸುವ ಸೇತುವೆಯಾದರು.

ಓಲೆಗರಿಗಳ ನಡುವೆ

ಅವರ ಮೊದಲ ಉದ್ಯೋಗ ಪುಸ್ತಕಗಳ ನಡುವೆಯೇ ದೊರೆಯಿತು. ಮೈಸೂರಿನಲ್ಲಿ 1891ರಲ್ಲಿ ಸರ್ಕಾರದ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಇಂದು ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯುತ್ತೇವೆ. ಹಳ್ಳಿಹಳ್ಳಿಗಳ ಮನೆಗಳ ಅಟ್ಟದಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಓಲೆಗರಿ ಗ್ರಂಥಗಳನ್ನು ಸಂಗ್ರಹಿಸಿ, ಪಟ್ಟಿ ಮಾಡಿ, ಉಳಿಸುವುದು ಅದರ ಕೆಲಸ. ಅದರ ಆರಂಭದ ದಿನಗಳಲ್ಲಿ ಹಿರಿಯಣ್ಣನವರು ಅಲ್ಲಿ ಗ್ರಂಥಪಾಲಕರಾಗಿದ್ದರು. ಮುಂದೆ ಇದೇ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಸಿಕ್ಕಿ, 1909ರಲ್ಲಿ ಅದು ಅಚ್ಚಾಯಿತು. ಆ ಹಸ್ತಪ್ರತಿಯನ್ನು ತಂದುಕೊಟ್ಟವರು ತಂಜಾವೂರು ಕಡೆಯ ಒಬ್ಬ ಪಂಡಿತರು. ವಿದ್ಯೆಗೆ ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ!

ಓಲೆಗರಿಗಳ ಕೆಲಸದಲ್ಲಿ ಅವಸರ ಸಲ್ಲದು. ಒಂದು ಅಕ್ಷರ ತಪ್ಪಿ ಓದಿದರೆ ಅರ್ಥವೇ ಕೆಡುತ್ತದೆ. ಈ ಶಿಸ್ತು ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಉಳಿಯಿತು. ಸುರೇಶ್ವರಾಚಾರ್ಯರ ನೈಷ್ಕರ್ಮ್ಯಸಿದ್ಧಿ, ವಿಮುಕ್ತಾತ್ಮನ ಇಷ್ಟಸಿದ್ಧಿ ಮೊದಲಾದ ಕಠಿಣ ವೇದಾಂತ ಗ್ರಂಥಗಳನ್ನು ಅವರು ಶುದ್ಧವಾಗಿ ಸಂಪಾದಿಸಿಕೊಟ್ಟರು. ಇಷ್ಟಸಿದ್ಧಿಯು 1933ರಲ್ಲಿ ಬರೋಡದ ಪ್ರಸಿದ್ಧ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ಉಪಾಧ್ಯಾಯ ವೃತ್ತಿ

ಇಲ್ಲಿ ನಮ್ಮಂಥ ಉಪಾಧ್ಯಾಯರಿಗೆ ಸಂತೋಷವಾಗುವ ಒಂದು ವಿಷಯವಿದೆ. ಹಿರಿಯಣ್ಣನವರು ಮದರಾಸಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿಗೆ ಹೋಗಿ ಎಲ್.ಟಿ. ತರಬೇತಿ ಪಡೆದವರು. ಬಳಿಕ ಮೈಸೂರಿನ ನಾರ್ಮಲ್ ಶಾಲೆಯಲ್ಲಿ, ಅಂದರೆ ಉಪಾಧ್ಯಾಯರನ್ನು ತಯಾರು ಮಾಡುವ ಶಾಲೆಯಲ್ಲಿ, ಕೆಲಸ ಮಾಡಿ ಮುಖ್ಯೋಪಾಧ್ಯಾಯರೂ ಆದರು. ಪಾಠ ಹೇಳುವುದು ಹೇಗೆಂಬುದನ್ನು ಕಲಿತು, ಕಲಿಸಿ, ಆಮೇಲೆ ಕಾಲೇಜಿಗೆ ಹೋದವರು ಅವರು. ಮಹಾರಾಜಾ ಕಾಲೇಜಿಗೆ ಸಂಸ್ಕೃತದ ಅಧ್ಯಾಪಕರಾಗಿ ಬಂದಾಗ ಇಸವಿ 1912. ಅವರ ವಯಸ್ಸು ನಾಲ್ವತ್ತನ್ನು ದಾಟಿತ್ತು.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮಹಾರಾಜಾ ಕಾಲೇಜು ಅದರ ಹೃದಯವಾಯಿತು. 1918ರಲ್ಲಿ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದು 1921ರವರೆಗೆ ಇದ್ದರು. ಮುಂದೆ ನಮ್ಮ ರಾಷ್ಟ್ರಪತಿಗಳಾದ ಅವರೂ ಹಿರಿಯಣ್ಣನವರೂ ಹೀಗೆ ಕೆಲವು ವರ್ಷ ಒಂದೇ ಕಾಲೇಜಿನ ಸಹೋದ್ಯೋಗಿಗಳಾಗಿದ್ದರು. ರಾಧಾಕೃಷ್ಣನ್ ಅವರದು ಹೊಳೆಯಂತೆ ಹರಿಯುವ ವಾಗ್ವೈಖರಿ. ಹಿರಿಯಣ್ಣನವರದು ತೂಕ ಹಾಕಿ ಕೊಟ್ಟಂಥ ಮಾತು. ಅವರ ವಾಕ್ಯದಲ್ಲಿ ಒಂದು ಪದವನ್ನು ತೆಗೆಯುವಂತಿಲ್ಲ, ಒಂದು ಪದವನ್ನು ಸೇರಿಸುವಂತಿಲ್ಲ.

1927ರಲ್ಲಿ ಅವರು ನಿವೃತ್ತರಾದರು. ತರಗತಿಯಲ್ಲಿ ಬಹುವರ್ಷ ಹೇಳಿದ್ದ ಪಾಠಗಳನ್ನು ತಿದ್ದಿ ಸಿದ್ಧಪಡಿಸಿ, ನಿವೃತ್ತಿಯ ಐದು ವರ್ಷಗಳ ಮೇಲೆ 1932ರಲ್ಲಿ ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ ಎಂಬ ಗ್ರಂಥವನ್ನು ಲಂಡನ್ನಿನಿಂದ ಹೊರತಂದರು. ವೇದಗಳಿಂದ ಹಿಡಿದು ವಿಶಿಷ್ಟಾದ್ವೈತದವರೆಗೆ, ಬೌದ್ಧ ಜೈನ ದರ್ಶನಗಳನ್ನೂ ಒಳಗೊಂಡು, ಭಾರತದ ತತ್ತ್ವವಿಚಾರವನ್ನೆಲ್ಲ ಒಂದೇ ಸಂಪುಟದಲ್ಲಿ ಅಳವಡಿಸಿದ ಕೃತಿ ಅದು. ತಾವು ಒಪ್ಪದ ಮತವನ್ನು ಹೇಳುವಾಗಲೂ ಆ ಮತದವರೇ ಬಂದು ಹೇಳಿದಂತೆ ನ್ಯಾಯವಾಗಿ ಹೇಳುವುದು ಅದರ ವಿಶೇಷ. ಪಾಠದ ಟಿಪ್ಪಣಿಗಳು ಗ್ರಂಥವಾದವು ಎಂಬುದನ್ನು ಗಮನಿಸಿರಿ. ತರಗತಿಯ ಕೆಲಸವನ್ನು ಶ್ರದ್ಧೆಯಿಂದ ಮಾಡಿದರೆ ಅದೇ ಲೋಕಕ್ಕೆ ಬೆಲೆಬಾಳುವ ವಸ್ತುವಾಗುತ್ತದೆ.

ಸೌಂದರ್ಯದ ಪ್ರಶ್ನೆ

ಇನ್ನು ನಮ್ಮ ಪ್ರಶ್ನೆಗೆ ಬರೋಣ. 1919ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನ ಮೊತ್ತಮೊದಲ ಬಾರಿಗೆ ಸೇರಿತು. ಅಲ್ಲಿ ಹಿರಿಯಣ್ಣನವರು ಭಾರತೀಯ ಸೌಂದರ್ಯಶಾಸ್ತ್ರವನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದರು. ಸುಂದರವಾದುದು ಎಂದರೇನು, ಕಲೆ ಏಕೆ ಆನಂದ ಕೊಡುತ್ತದೆ, ಒಂದು ಕೃತಿ ಚೆನ್ನಾಗಿದೆಯೆಂದು ತೀರ್ಮಾನಿಸುವುದಕ್ಕೆ ಆಧಾರವೇನು ಎಂದು ವಿಚಾರ ಮಾಡುವುದೇ ಸೌಂದರ್ಯಶಾಸ್ತ್ರ ಅಥವಾ ಸೌಂದರ್ಯಮೀಮಾಂಸೆ.

ಆ ಕಾಲದಲ್ಲಿ ಈ ವಿಷಯವನ್ನು ಓದಬೇಕೆನ್ನುವವರು ಯೂರೋಪಿನ ಗ್ರಂಥಗಳನ್ನೇ ಹಿಡಿಯುತ್ತಿದ್ದರು. ಅಲ್ಲಿ ಈ ಶಾಸ್ತ್ರಕ್ಕೆ ಈಸ್ತೆಟಿಕ್ಸ್ ಎಂಬ ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಬೌಮ್‌ಗಾರ್ಟನ್ ಎಂಬ ಜರ್ಮನ್ ವಿದ್ವಾಂಸನಿಂದ. ಅದಕ್ಕೆ ಭದ್ರವಾದ ತಳಹದಿ ಹಾಕಿದವನು ಇಮ್ಯಾನುಯೆಲ್ ಕಾಂಟ್. ಅವನು 1724ರಲ್ಲಿ ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿ, 1804ರಲ್ಲಿ ಅದೇ ಊರಿನಲ್ಲಿ ತೀರಿಕೊಂಡನು. ಆ ಊರು ಇಂದು ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯ ದೇಶದಲ್ಲಿದೆ. ಕಾಂಟನ ತಂದೆ ಕುದುರೆಗಳಿಗೆ ಚರ್ಮದ ಸಜ್ಜು ಹೊಲಿಯುವ ಕಸುಬಿನವನು. ಕಾಂಟನೂ ಮನೆಪಾಠ ಹೇಳಿ, ಕೆಲವು ಕಾಲ ಗ್ರಂಥಾಲಯದಲ್ಲಿ ಕೆಲಸ ಮಾಡಿ, ನಾಲ್ವತ್ತು ದಾಟಿದ ಮೇಲೆ ಪ್ರಾಧ್ಯಾಪಕನಾದವನು. ಈ ವಿಷಯದಲ್ಲಿ ನಮ್ಮ ಹಿರಿಯಣ್ಣನವರ ಬಾಳಿಗೂ ಅವನ ಬಾಳಿಗೂ ಹೋಲಿಕೆಯುಂಟು.

ಅಭಿರುಚಿಯ ತೀರ್ಮಾನಗಳನ್ನು ಕುರಿತು ಕಾಂಟ್ 1790ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅವನ ವಿಚಾರದ ತಿರುಳನ್ನು ನಮ್ಮ ಉದಾಹರಣೆಯಿಂದಲೇ ಹೇಳಬಹುದು. ನನಗೆ ಪರೋಟ ಇಷ್ಟ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಅದು ನನ್ನ ನಾಲಗೆಯ ವಿಚಾರ. ಆದರೆ ಸಂಜೆಯ ವೇಳೆ ನೀಲಗಿರಿಯ ಬೆಟ್ಟಸಾಲನ್ನು ನೋಡಿ ಎಷ್ಟು ಸುಂದರ ಎಂದು ನಾನು ಹೇಳಿದಾಗ, ನನಗೆ ಮಾತ್ರ ಸುಂದರ ಎಂದು ನನ್ನ ಅಭಿಪ್ರಾಯವಲ್ಲ. ಪಕ್ಕದಲ್ಲಿ ನಿಂತವರೂ ಅದನ್ನು ಕಂಡು ಒಪ್ಪಬೇಕೆಂದು ನಿರೀಕ್ಷಿಸುತ್ತೇನೆ. ಒಪ್ಪದಿದ್ದರೆ ಸರಿಯಾಗಿ ನೋಡಿ ಎನ್ನುತ್ತೇನೆ. ಈ ನಿರೀಕ್ಷೆಗೆ ಆಧಾರವೇನು? ಆ ಬೆಟ್ಟ ನನ್ನದಲ್ಲ. ಅದರಿಂದ ನನಗೆ ಬಾಡಿಗೆ ಬರುವುದಿಲ್ಲ. ಅದನ್ನು ಮಾರುವ ಯೋಚನೆಯೂ ಇಲ್ಲ. ನನ್ನ ಸ್ವಂತ ಲಾಭನಷ್ಟಗಳಾವುವೂ ಸೇರದ ಸಂತೋಷವಾದ್ದರಿಂದ ಅದು ಎಲ್ಲ ಮನುಷ್ಯರಿಗೂ ಸಾಧ್ಯವಾಗಬೇಕು ಎಂಬುದು ಕಾಂಟನ ವಾದ. ಆದರೂ ಬೆಟ್ಟ ಸುಂದರವೆಂಬುದನ್ನು ಲೆಕ್ಕದಂತೆ ಸಿದ್ಧಮಾಡಿ ತೋರಿಸಲು ಬರುವುದಿಲ್ಲ. ಸೂತ್ರವಿಲ್ಲದಿದ್ದರೂ ಎಲ್ಲರ ಒಪ್ಪಿಗೆಯನ್ನು ಬೇಡುವುದೇ ಅಭಿರುಚಿಯ ವೈಶಿಷ್ಟ್ಯ.

ಭಾರತದ ಉತ್ತರ

ಭಾರತದಲ್ಲಿ ಇಂಥ ವಿಚಾರವೇ ನಡೆದಿಲ್ಲವೆ? ನಡೆದಿದೆ, ಬಹಳ ಹಿಂದೆಯೇ ನಡೆದಿದೆ ಎಂಬುದನ್ನು ಹಿರಿಯಣ್ಣನವರು ಎತ್ತಿ ತೋರಿಸಿದರು. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದು ವಿದ್ವಾಂಸರು ಎಣಿಸುವ ಭರತನ ನಾಟ್ಯಶಾಸ್ತ್ರದಲ್ಲಿ ರಸದ ವಿಚಾರವಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯ ತತ್ತ್ವವನ್ನು ನಿರೂಪಿಸಿದನು. ಅದೇ ಶತಮಾನದಲ್ಲಿಯೇ ನಮ್ಮ ಕವಿರಾಜಮಾರ್ಗವೂ ಹುಟ್ಟಿತು. ಅನಂತರ ಸುಮಾರು 1000ನೆಯ ಇಸವಿಯ ಹೊತ್ತಿಗೆ ಅದೇ ಕಾಶ್ಮೀರದ ಅಭಿನವಗುಪ್ತನು ಇವೆರಡನ್ನೂ ಆಳವಾಗಿ ವಿವರಿಸಿದನು. ಅವನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನವು ಬರೋಡದಲ್ಲಿ ಅಚ್ಚಾಗತೊಡಗಿದ್ದು 1926ರಲ್ಲಿ. ಹಿರಿಯಣ್ಣನವರು ಪುಣೆಯಲ್ಲಿ ಪ್ರಬಂಧ ಓದಿದಾಗ ಅದು ಇನ್ನೂ ಮುದ್ರಣವನ್ನೇ ಕಂಡಿರಲಿಲ್ಲ.

ರಸವೆಂದರೇನು ಎಂಬುದನ್ನು ತಿಳಿಯಲು ಗೋವಿನ ಹಾಡನ್ನು ನೆನೆದುಕೊಳ್ಳಿರಿ. ಪುಣ್ಯಕೋಟಿಯು ಕರುವನ್ನು ಬಿಟ್ಟು ಹುಲಿಯ ಬಳಿಗೆ ಹಿಂದಿರುಗುವ ಭಾಗ ಬಂದಾಗ ಸಣ್ಣವರಿಂದ ದೊಡ್ಡವರವರೆಗೆ ಎಲ್ಲರ ಕಣ್ಣಿನಲ್ಲೂ ನೀರು ತುಂಬುತ್ತದೆ. ನಿಜವಾಗಿ ನಮ್ಮ ಮನೆಯ ಹಸುವೊಂದು ಸತ್ತರೆ ಆ ದುಃಖವನ್ನು ಮತ್ತೊಮ್ಮೆ ಅನುಭವಿಸಲು ಯಾರೂ ಬಯಸುವುದಿಲ್ಲ. ಆದರೆ ಗೋವಿನ ಹಾಡನ್ನು ಮತ್ತೆ ಹೇಳೆಂದು ಮಗು ಅಜ್ಜಿಯನ್ನು ಪೀಡಿಸುತ್ತದೆ. ಅಳುವಿನಲ್ಲಿಯೂ ಸಂತೋಷವೆ? ಹೌದು. ಅಲ್ಲಿ ಇರುವುದು ನನ್ನ ಹಸುವಲ್ಲ, ನಿಮ್ಮ ಹಸುವಲ್ಲ. ತಾಯಿ ಎಂಬವಳ ಪ್ರೀತಿ, ಸತ್ಯಕ್ಕಾಗಿ ಆ ಪ್ರೀತಿಯನ್ನೂ ಬಿಟ್ಟುಬರುವ ನೋವು ಅಲ್ಲಿವೆ. ಭಾವವು ಒಬ್ಬರದೆಂಬ ಗುರುತನ್ನು ಕಳೆದುಕೊಂಡು ಎಲ್ಲರದೂ ಆಗುತ್ತದೆ. ಇದನ್ನೇ ಶಾಸ್ತ್ರಕಾರರು ಸಾಧಾರಣೀಕರಣವೆಂದು ಕರೆದರು. ಹೀಗೆ ಶುದ್ಧವಾದ ಭಾವದ ಆಸ್ವಾದನೆಯೇ ರಸ.

ಸ್ವಾರ್ಥವಿಲ್ಲದ ಸಂತೋಷ ಎನ್ನುವಲ್ಲಿ ಕಾಂಟನ ಮಾತೂ ನಮ್ಮವರ ಮಾತೂ ಹತ್ತಿರ ಬರುತ್ತವೆ. ಆದರೆ ಒಂದು ಮುಖ್ಯ ಭೇದವಿದೆ. ಶುದ್ಧವಾದ ಅಭಿರುಚಿಯ ತೀರ್ಮಾನದಲ್ಲಿ ಭಾವೋದ್ವೇಗಕ್ಕೆ ಎಡೆಯಿರಬಾರದೆಂದು ಕಾಂಟ್ ತಿಳಿದಿದ್ದನು. ನಮ್ಮವರು ಭಾವವನ್ನು ಹೊರಗೆ ಹಾಕಲಿಲ್ಲ. ಅದನ್ನು ಸೋಸಿ, ನಾನು ನನ್ನದು ಎಂಬ ಕಸವನ್ನು ತೆಗೆದು, ಅದರಿಂದಲೇ ರಸವನ್ನು ಪಡೆದರು.

ಹಿರಿಯಣ್ಣನವರ ಕಾಣಿಕೆ

ಅಲಂಕಾರಶಾಸ್ತ್ರವನ್ನು ಬಲ್ಲ ಪಂಡಿತರು ಹಿರಿಯಣ್ಣನವರಿಗಿಂತ ಮುಂಚೆಯೂ ಅನೇಕರಿದ್ದರು. ಆದರೆ ಬಹುಮಂದಿ ಅದನ್ನು ಉಪಮೆ, ರೂಪಕಗಳ ಪಟ್ಟಿಯೆಂದೇ ಕಲಿಸುತ್ತಿದ್ದರು. ಆ ಶಾಸ್ತ್ರದ ಬೇರುಗಳು ನಮ್ಮ ದರ್ಶನಗಳಲ್ಲಿ ಇಳಿದಿರುವುದನ್ನು ಸ್ಪಷ್ಟವಾಗಿ ತೋರಿಸಿದ್ದು ಹಿರಿಯಣ್ಣನವರ ಕಾಣಿಕೆ. ಅವರು ಎರಡು ದರ್ಶನಗಳನ್ನು ತೆಗೆದುಕೊಂಡು ವಿವರಿಸಿದರು.

ಸಾಂಖ್ಯರ ಪ್ರಕಾರ ಪ್ರಕೃತಿಯು ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳಿಂದ ಆದದ್ದು. ಆದ್ದರಿಂದ ಲೋಕದ ಯಾವ ವಸ್ತುವೂ ಎಲ್ಲರಿಗೂ ಎಲ್ಲ ಕಾಲಕ್ಕೂ ಬರಿಯ ಸುಖವನ್ನೇ ಕೊಡಲಾರದು. ಮಳೆ ಬಂದರೆ ಹೊಲದವನಿಗೆ ಹಿತ, ಪಾವು ಒಣಗಿಸುವ ನೇಕಾರನಿಗೆ ಸಂಕಟ. ಕವಿಯು ಕಲ್ಪನೆಯಿಂದ ಬೇರೊಂದು ಲೋಕವನ್ನು ಸೃಷ್ಟಿಸಿ, ಈ ಎಳೆದಾಟದಿಂದ ನಮ್ಮನ್ನು ಸ್ವಲ್ಪ ಹೊತ್ತು ಬಿಡಿಸುತ್ತಾನೆ. ವೇದಾಂತಿಗಳ ದೃಷ್ಟಿ ಬೇರೆ. ಅವರ ಪ್ರಕಾರ ಇರುವುದೆಲ್ಲವೂ ಆನಂದಸ್ವರೂಪವಾದ ಒಂದೇ ತತ್ತ್ವದ ಬೆಳಕು. ಲೋಕದಲ್ಲಿ ಕುಂದಿಲ್ಲ, ನೋಡುವ ನಮ್ಮಲ್ಲಿ ಕುಂದಿದೆ. ಆಸೆಗಳ ಪರದೆ ಅಡ್ಡ ಬಂದಿರುವುದರಿಂದ ನಮಗೆ ಕಾಣುವುದಿಲ್ಲ. ಕಲೆಯು ಆ ಪರದೆಯನ್ನು ಒಂದು ಕ್ಷಣ ಸರಿಸುತ್ತದೆ.

ಆದ್ದರಿಂದ ಕಲಾನುಭವಕ್ಕೂ ಮೋಕ್ಷಕ್ಕೂ ನೆಂಟಸ್ತಿಕೆಯಿದೆ ಎಂದು ಹಿರಿಯಣ್ಣನವರು ವಾದಿಸಿದರು. ಎರಡರಲ್ಲೂ ಮನುಷ್ಯನು ತನ್ನನ್ನು ಮರೆಯುತ್ತಾನೆ. ಆದರೆ ಅವರು ಇಲ್ಲಿಗೇ ನಿಲ್ಲಲಿಲ್ಲ. ಕಲೆಯನ್ನು ಹೊಗಳುವ ಭರದಲ್ಲಿ ಅದಕ್ಕಿಲ್ಲದ ಶಕ್ತಿಯನ್ನು ಅವರು ಅದಕ್ಕೆ ಆರೋಪಿಸಲಿಲ್ಲ. ಕಲಾನುಭವವು ಕ್ಷಣಿಕ. ಅದು ಹೊರಗಿನ ಒಂದು ಕೃತಿಯನ್ನು ಆಶ್ರಯಿಸಿದೆ. ಹಾಡು ನಿಂತರೆ, ನಾಟಕದ ಪರದೆ ಬಿದ್ದರೆ, ಹಳೆಯ ಸ್ವಾರ್ಥ ಮತ್ತೆ ಬಂದು ಕೂಡುತ್ತದೆ. ನಾಟಕದಲ್ಲಿ ಹರಿಶ್ಚಂದ್ರನಿಗಾಗಿ ಕಣ್ಣೀರು ಸುರಿಸಿದವನೇ ಮರುದಿನ ಅಂಗಡಿಯಲ್ಲಿ ತೂಕದಲ್ಲಿ ಮೋಸ ಮಾಡಬಹುದು. ಸ್ವಾರ್ಥತ್ಯಾಗವು ಬಾಳಿನಲ್ಲಿ ಸ್ಥಿರವಾಗಬೇಕಾದರೆ ತಿಳಿವಳಿಕೆಯೂ ಸದಾಚಾರವೂ ಬೇಕು. ಕಲೆ ನಮಗೆ ಆ ಸ್ಥಿತಿಯ ಸವಿಯನ್ನು ತೋರಿಸುತ್ತದೆ; ಅಲ್ಲಿಗೆ ನಡೆದುಹೋಗುವ ಕೆಲಸ ನಮ್ಮದು.

ಕಲೆಗೂ ನೀತಿಗೂ ಇರುವ ಸಂಬಂಧವನ್ನೂ ಅವರು ಇದೇ ಸಮಚಿತ್ತದಿಂದ ನೋಡಿದರು. ಕವಿಯು ನೇರವಾಗಿ ಉಪದೇಶಕ್ಕೆ ನಿಂತರೆ ರಸಭಂಗವಾಗುತ್ತದೆ. ಹಾಗೆಂದು ನೀತಿಗೆ ಎದುರಾದುದನ್ನು ಮೆರೆಸುವ ಕೃತಿಯೂ ಉತ್ತಮವಾಗಲಾರದು. ಪುಣ್ಯಕೋಟಿಯ ಕಥೆ ನಮಗೆ ಸತ್ಯವನ್ನು ಕಲಿಸುತ್ತದೆ, ನಿಜ. ಆದರೆ ಅದು ಮೊದಲು ನಮ್ಮ ಹೃದಯವನ್ನು ಕರಗಿಸುತ್ತದೆ, ಆಮೇಲೆ ಕಲಿಸುತ್ತದೆ.

ಸಹೃದಯನಾಗುವುದು

ಹಾಗಾದರೆ ಒಂದೇ ಪದ್ಯ ಒಬ್ಬರಿಗೆ ಚೆನ್ನಾಗಿ, ಒಬ್ಬರಿಗೆ ಸಪ್ಪೆಯಾಗಿ ಕಾಣುವುದೇಕೆ? ನಮ್ಮ ಶಾಸ್ತ್ರ ಇದಕ್ಕೆ ಸಹೃದಯ ಎಂಬ ಒಂದೇ ಪದದಲ್ಲಿ ಉತ್ತರ ಕೊಟ್ಟಿದೆ. ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳವನು ಸಹೃದಯ. ಆ ಹೃದಯ ಹುಟ್ಟಿನಿಂದ ಸ್ವಲ್ಪ ಬರುತ್ತದೆ, ಅಭ್ಯಾಸದಿಂದ ಬಹಳ ಬೆಳೆಯುತ್ತದೆ.

ಇದು ಪಂಡಿತರಿಗೆ ಮಾತ್ರ ಸೇರಿದ ಸೊತ್ತೆಂದು ತಿಳಿಯಬಾರದು. ನಮ್ಮ ಸುತ್ತಲಿನ ದೇವಾಂಗ ಕುಟುಂಬಗಳಲ್ಲಿ ಮನೆಯಲ್ಲಿ ಕನ್ನಡವಾಡುತ್ತಾ ತಲೆಮಾರುಗಳಿಂದ ಮಗ್ಗದ ಮುಂದೆ ಕುಳಿತವರಿದ್ದಾರೆ. ಸಿರುಮುಗೈಯ ರೇಷ್ಮೆಸೀರೆಯೊಂದನ್ನು ಅವರ ಕೈಗೆ ಕೊಟ್ಟು ನೋಡಿರಿ. ನಮಗೆ ಬಣ್ಣ ಮಾತ್ರ ಕಾಣುತ್ತದೆ. ಅವರು ಹಾಸು ಹೊಕ್ಕುಗಳ ಬಿಗಿಯನ್ನು, ಅಂಚು ಒಡಲಿಗೆ ಕೂಡಿದ ಬಗೆಯನ್ನು, ಸೆರಗಿನ ಹೂವು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆಯೇ ಎಂಬುದನ್ನು ಒಂದೇ ನೋಟದಲ್ಲಿ ಕಾಣುತ್ತಾರೆ. ಆ ಸೀರೆಯನ್ನು ಅವರು ಉಡುವುದಿಲ್ಲ, ಮಾರಿದ ಹಣವೂ ಅವರದಾಗಬೇಕಾಗಿಲ್ಲ. ಆದರೂ ಒಳ್ಳೆಯ ನೇಯ್ಗೆಯನ್ನು ಕಂಡಾಗ ಅವರ ಮುಖ ಅರಳುತ್ತದೆ. ಇದೇ ಸ್ವಾರ್ಥವಿಲ್ಲದ ಸಂತೋಷ, ಇದೇ ಬೆಳೆದ ಅಭಿರುಚಿ. ಅವರ ಮುಂದೆ ನಿಂತು ಅವರವರ ರುಚಿ ಅವರವರಿಗೆ ಎಂದು ನಾವು ಹೇಳಿದರೆ ಅವರು ನಕ್ಕಾರು.

ಇನ್ನೊಂದು ಉದಾಹರಣೆ. ಕೊಯಮತ್ತೂರಿನ ಹತ್ತಿರದ ಪೇರೂರು ಪಟ್ಟೀಶ್ವರ ದೇವಾಲಯಕ್ಕೆ ನಿಮ್ಮಲ್ಲಿ ಹಲವರು ಹೋಗಿದ್ದೀರಿ. ಅಲ್ಲಿನ ಕನಕಸಭೆಯ ಕಂಬಗಳಲ್ಲಿ ಆನೆಯ ಚರ್ಮವನ್ನು ಸುಲಿದು ಹೊದ್ದ ಗಜಸಂಹಾರಮೂರ್ತಿ, ಕಾಲನ್ನು ಮೇಲೆತ್ತಿ ಕುಣಿಯುವ ಊರ್ಧ್ವತಾಂಡವಮೂರ್ತಿ, ವೀರಭದ್ರ ಮುಂತಾದ ಶಿಲ್ಪಗಳಿವೆ. ಗಜಸಂಹಾರವು ಭಯಂಕರವಾದ ದೃಶ್ಯ. ನಿಜವಾಗಿ ಕಂಡರೆ ಓಡಿಹೋಗುವೆವು. ಕಲ್ಲಿನಲ್ಲಿ ಕಂಡಾಗ ಓಡುವುದಿಲ್ಲ, ನಿಂತು ನೋಡುತ್ತೇವೆ. ಭಯವು ರಸವಾದದ್ದು ಹೀಗೆ. ಆದರೆ ಗಡಿಬಿಡಿಯಲ್ಲಿ ಪ್ರದಕ್ಷಿಣೆ ಮುಗಿಸಿ ಬಸ್ಸು ಹಿಡಿಯಲು ಓಡುವವನಿಗೆ ಅದು ಬರಿಯ ಕಂಬ. ಮುಂದಿನ ಸಲ ಹೋದಾಗ ಹತ್ತು ನಿಮಿಷ ಒಂದೇ ಕಂಬದ ಮುಂದೆ ನಿಂತು ನೋಡಿರಿ.

ಕೊನೆಯ ದಿನಗಳು

ನಿವೃತ್ತಿಯ ನಂತರದ ಇಪ್ಪತ್ತಮೂರು ವರ್ಷಗಳನ್ನು ಹಿರಿಯಣ್ಣನವರು ಓದು ಬರಹಗಳಲ್ಲಿ ಕಳೆದರು. 1949ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ದಿ ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ ಎಂಬ ಗ್ರಂಥವನ್ನು ಕೊಟ್ಟರು. ಮರುವರ್ಷ, 1950ರ ಸೆಪ್ಟೆಂಬರಿನಲ್ಲಿ ನಿಧನರಾದರು.

ಸೌಂದರ್ಯವನ್ನು ಕುರಿತು ಅವರು ಆಗಾಗ ಬರೆದಿದ್ದ ಪ್ರಬಂಧಗಳು ಅವರ ಜೀವಿತಕಾಲದಲ್ಲಿ ಒಟ್ಟಾಗಿ ಪುಸ್ತಕರೂಪದಲ್ಲಿ ಬರಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1954ರಲ್ಲಿ, ಮೈಸೂರಿನ ಕಾವ್ಯಾಲಯ ಪ್ರಕಾಶನದವರು ಅವನ್ನು ಸೇರಿಸಿ ಆರ್ಟ್ ಎಕ್ಸ್‌ಪೀರಿಯನ್ಸ್ ಎಂಬ ಪುಸ್ತಕವನ್ನು ಹೊರತಂದರು. ಗಾತ್ರದಲ್ಲಿ ಚಿಕ್ಕದಾದ ಆ ಪುಸ್ತಕ ಭಾರತೀಯ ಸೌಂದರ್ಯಮೀಮಾಂಸೆಯನ್ನು ಓದುವವರಿಗೆ ಇಂದಿಗೂ ಕೈಮರವಾಗಿದೆ. 1997ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರವು ಅದನ್ನು ಮತ್ತೆ ಪ್ರಕಟಿಸಿತು. ಕನ್ನಡದಲ್ಲಿ ಈ ವಿಷಯವನ್ನು ತಿಳಿಯಬಯಸುವವರಿಗೆ ಪ್ರೊ. ತೀ. ನಂ. ಶ್ರೀಕಂಠಯ್ಯನವರು 1950ರ ದಶಕದ ಆರಂಭದಲ್ಲಿ ಪ್ರಕಟಿಸಿದ ಭಾರತೀಯ ಕಾವ್ಯಮೀಮಾಂಸೆ ಇದೆ. ಕಾಲೇಜಿಗೆ ಹೋದ ಮೇಲೆ ಅದನ್ನು ಓದುವ ಸಂಕಲ್ಪವನ್ನು ಈಗಲೇ ಮಾಡಿರಿ.

ಪಾಲಕರಲ್ಲಿ ಒಂದು ಮಾತು

ಪಾಲಕರಲ್ಲಿಯೂ ಒಂದು ವಿಜ್ಞಾಪನೆಯಿದೆ. ಮಗನು ಲೆಕ್ಕ, ವಿಜ್ಞಾನ ಓದಿದರೆ ಒಂದು ಕೆಲಸ ಸಿಕ್ಕೀತು, ಪದ್ಯ ಓದಿ ಏನಾಗಬೇಕು ಎಂದು ಶಾಲೆಗೆ ಬಂದ ಕೆಲವು ತಂದೆತಾಯಿಗಳು ನನ್ನನ್ನು ಕೇಳಿದ್ದಾರೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲೋ ಸೋಮನೂರಿನ ಪವರ್‌ಲೂಮಿನಲ್ಲೋ ಹಗಲಿರುಳು ದುಡಿದು ಮಕ್ಕಳನ್ನು ಓದಿಸುವವರ ಬಾಯಲ್ಲಿ ಈ ಪ್ರಶ್ನೆ ಬಂದರೆ ಅದು ತಪ್ಪಲ್ಲ. ಪದ್ಯದಿಂದ ಸಂಬಳ ಬರುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ದಿನವೆಲ್ಲ ಲಾಭನಷ್ಟಗಳ ಲೆಕ್ಕದಲ್ಲೇ ತಿರುಗುವ ಮನಸ್ಸಿಗೆ ಆ ಲೆಕ್ಕದಿಂದ ಹೊರಗೆ ಬಂದು ನಿಲ್ಲುವ ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಇನ್ನೊಬ್ಬರ ನೋವು ತನ್ನದೆನಿಸುತ್ತದೆ. ಅದನ್ನು ಒಮ್ಮೆಯೂ ಅನುಭವಿಸದೆ ಬೆಳೆದ ಮಗ ಎಷ್ಟು ಸಂಪಾದಿಸಿದರೂ ತಂದೆತಾಯಿಗಳ ಕಷ್ಟವನ್ನು ಅರಿಯುವನೆಂದು ಹೇಗೆ ನಂಬುವುದು? ಕಲೆಯೊಂದೇ ಅವನನ್ನು ಒಳ್ಳೆಯವನನ್ನಾಗಿ ಮಾಡದು, ಹಿರಿಯಣ್ಣನವರೇ ಇದನ್ನು ಎಚ್ಚರಿಸಿದ್ದಾರೆ. ಆದರೆ ಒಳ್ಳೆಯತನದ ರುಚಿಯನ್ನು ಅದು ತೋರಿಸಬಲ್ಲದು.

ವಿದ್ಯಾರ್ಥಿಗಳೇ, ಈಗ ತರಗತಿಯ ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಇಡ್ಲಿ ಪರೋಟಗಳ ವಿಷಯದಲ್ಲಿ ನಮ್ಮ ಗೆಳೆಯನ ಮಾತು ಸರಿ. ಪದ್ಯದ ವಿಷಯದಲ್ಲಿ ಸರಿಯಲ್ಲ. ಚೆನ್ನಾಗಿದೆಯೆಂದ ಹುಡುಗಿ ಏಕೆ ಚೆನ್ನಾಗಿದೆಯೆಂದು ತೋರಿಸಿಕೊಡಬೇಕು. ಚೆನ್ನಾಗಿಲ್ಲವೆಂದ ಹುಡುಗ ತನ್ನ ಬೇಸರವನ್ನು ಬದಿಗಿಟ್ಟು ಇನ್ನೊಮ್ಮೆ ಓದಬೇಕು. ಆಮೇಲೂ ಅವನಿಗೆ ಅದು ಸಪ್ಪೆಯೆನಿಸಿದರೆ ಧೈರ್ಯವಾಗಿ ಹೇಳಲಿ, ಕಾರಣ ಕೊಟ್ಟು ಹೇಳಲಿ. ಇಬ್ಬರೂ ಒಂದೇ ಪದ್ಯದ ಎದುರು ತಾಳ್ಮೆಯಿಂದ ಕೂಡುವುದೇ ಸಾಹಿತ್ಯದ ಪಾಠ.

ಗ್ರಂಥಪಾಲಕರಾಗಿ, ಶಾಲೆಯ ಉಪಾಧ್ಯಾಯರಾಗಿ, ಪ್ರಾಧ್ಯಾಪಕರಾಗಿ ಹಿರಿಯಣ್ಣನವರು ಬಾಳೆಲ್ಲ ಮಾಡಿದ್ದು ಇದನ್ನೇ. ತಮ್ಮನ್ನು ಹಿಂದಿಟ್ಟು ವಿಷಯವನ್ನು ಮುಂದಿಟ್ಟರು. ಅವರ ಬಾಳು ನಮಗೆ ದಾರಿದೀಪವಾಗಲಿ.